ಮುಂಗಾಲಿಯ ಬ್ರೇಕಿನ ಮಿಡಿತ: ಕಾರಣನಿರ್ಣಯದ ಕ್ರಮ

1. ಪ್ರಸ್ತಾವನೆ

ಓಡುತ್ತಿರುವ ಮೋಟಾರುಸೈಕಲ್ಲಿನ ಮುಂಬ್ರೇಕಿನ ಸನ್ನೆಯನ್ನು ಒಂದೇ ಸಮನಾದ ಒತ್ತಡದಿಂದ ಅದುಮಿ ಹಿಡಿದಾಗ, ಆ ಸನ್ನೆಯು ಬೆರಳುಗಳ ಅಡಿಯಲ್ಲಿ ಅಚಲವಾಗಿ ನಿಲ್ಲಬೇಕು. ವಾಹನದ ವೇಗವೂ ಒಂದೇ ಸಮನಾಗಿ ಇಳಿಯಬೇಕು. ಕೆಲವು ವಾಹನಗಳಲ್ಲಿ ಹೀಗಾಗುವುದಿಲ್ಲ. ಸನ್ನೆಯು ನಾಡಿಯಂತೆ ಬಡಿದುಕೊಳ್ಳುತ್ತದೆ. ಮುಂಭಾಗವು ತಲೆದೂಗುವಂತೆ ಮತ್ತೆ ಮತ್ತೆ ತಗ್ಗಿ ಏಳುತ್ತದೆ. ವೇಗ ಕಡಿಮೆಯಾದಂತೆ ಈ ಬಡಿತವೂ ನಿಧಾನವಾಗಿ, ಗಾಡಿ ನಿಲ್ಲುವ ಹೊತ್ತಿಗೆ ಎಣಿಸಬಹುದಾದಷ್ಟು ವಿರಳವಾಗುತ್ತದೆ. ಈ ದೋಷವನ್ನು ಪ್ರಕೃತ ಲೇಖನದಲ್ಲಿ ‘ಮಿಡಿತ’ವೆಂದು ಕರೆಯೋಣ.

ಮಿಡಿತವನ್ನು ಕಂಡೊಡನೆ ‘ಡಿಸ್ಕು ಬೆಂಡಾಗಿದೆ, ಬದಲಾಯಿಸಿ’ ಎಂದು ಹೇಳುವುದು ಕಾರ್ಖಾನೆಗಳಲ್ಲಿ ವಾಡಿಕೆಯಾಗಿದೆ. ಹೊಸ ಡಿಸ್ಕನ್ನು ಹಾಕಿಸಿದ ಮೇಲೆ ಮಿಡಿತ ಮಾಯವಾಗುವುದೂ, ಕೆಲವು ಸಾವಿರ ಕಿ.ಮೀ. ಓಡಿದ ತರುವಾಯ ಅದೇ ಮಿಡಿತ ಮರಳಿ ಬರುವುದೂ ಅಪರೂಪವಲ್ಲ. ಇದರಿಂದ ವಿದಿತವಾಗುವುದೇನೆಂದರೆ, ಅಲ್ಲಿ ನಡೆದುದು ಲಕ್ಷಣದ ಶಮನವೇ ಹೊರತು ಕಾರಣದ ನಿವಾರಣೆಯಲ್ಲ. ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿಯನ್ನು ಯಂತ್ರಶಾಸ್ತ್ರದ ಪ್ರಾಥಮಿಕ ತತ್ತ್ವಗಳ ಬೆಳಕಿನಲ್ಲಿ ತೋರಿಸುವುದು ಈ ಲೇಖನದ ಉದ್ದೇಶ. ಬೇಕಾಗುವ ಗಣಿತವು ಪದವಿಪೂರ್ವ ತರಗತಿಯ ಮಟ್ಟವನ್ನು ಮೀರುವುದಿಲ್ಲ.

ವಿಷಯವು ಕೇವಲ ಸವಾರನ ಸೌಖ್ಯಕ್ಕೆ ಸಂಬಂಧಿಸಿದುದಲ್ಲವೆಂಬುದನ್ನು ಮೊದಲೇ ಮನಗಾಣಬೇಕು. ಎರಡು ಅಚ್ಚುಗಳ ನಡುವಣ ದೂರ 1.3 ಮೀಟರ್, ಸವಾರನೂ ಸೇರಿ ಗುರುತ್ವಕೇಂದ್ರದ ಎತ್ತರ 0.6 ಮೀಟರ್, ನಿಂತಾಗ ಎರಡು ಗಾಲಿಗಳ ಮೇಲೂ ಸಮಭಾರ—ಇಂತಹ ಒಂದು ವಾಹನವನ್ನು ಭಾವಿಸಿಕೊಳ್ಳೋಣ. ಗುರುತ್ವ ವೇಗೋತ್ಕರ್ಷದ 0.6ರಷ್ಟು ಪ್ರಮಾಣದಲ್ಲಿ ಅದರ ವೇಗವನ್ನು ತಗ್ಗಿಸಿದರೆ, ಒಟ್ಟು ಭಾರದ ಶೇಕಡಾ 28ರಷ್ಟು ಹಿಂಗಾಲಿಯಿಂದ ಮುಂಗಾಲಿಗೆ ವರ್ಗವಾಗುತ್ತದೆ. ಆಗ ಮುಂಗಾಲಿಯ ಮೇಲೆ ಶೇಕಡಾ 78, ಹಿಂಗಾಲಿಯ ಮೇಲೆ ಶೇಕಡಾ 22 ಭಾರವಿರುತ್ತದೆ. ಗಂಟೆಗೆ 54 ಕಿ.ಮೀ. ವೇಗದಿಂದ ಈ ಕ್ರಮದಲ್ಲಿ ನಿಲ್ಲಲು ಸುಮಾರು 19 ಮೀಟರ್ ಸಾಕು. ಮಿಡಿತಕ್ಕೆ ಅಂಜಿದ ಸವಾರನು ಹಿಂಬ್ರೇಕನ್ನು ಮಾತ್ರ ಬಳಸಿದನೆಂದರೆ, ಟೈರಿಗೂ ರಸ್ತೆಗೂ ನಡುವಣ ಘರ್ಷಣಾಂಕ 0.8 ಇದ್ದಾಗಲೂ ಆತನಿಗೆ ಒದಗುವ ವೇಗಾಪಕರ್ಷ 0.29ರಷ್ಟು ಮಾತ್ರ, ನಿಲ್ಲಲು 39 ಮೀಟರ್ ಬೇಕು. ಈ 20 ಮೀಟರುಗಳ ಅಂತರದಲ್ಲಿ ಒಂದು ಜೀವದ ಪ್ರಶ್ನೆ ಅಡಗಿರಬಹುದು. ಮುಂಬ್ರೇಕನ್ನೇ ಬಳಸಿದರೂ ಅಪಾಯ ತಪ್ಪಿದ್ದಲ್ಲ: ಒದ್ದೆಯಾದ ರಸ್ತೆಯಲ್ಲಿ ಮಿಡಿತದ ಶಿಖರಕ್ಷಣದಲ್ಲಿ ತಡೆಯು ಟೈರಿನ ಹಿಡಿತವನ್ನು ಮೀರಿ, ಗಾಲಿ ಜಾರುವ ಸಂಭವವುಂಟು.

2. ಬ್ರೇಕಿನ ರಚನೆ

ಮುಂಬ್ರೇಕುಗಳಲ್ಲಿ ಎರಡು ಬಗೆ: ಡ್ರಮ್ ಬ್ರೇಕು ಮತ್ತು ಡಿಸ್ಕ್ ಬ್ರೇಕು. ಡ್ರಮ್ ಬ್ರೇಕಿನಲ್ಲಿ ಗಾಲಿಯ ಗುಂಭದೊಳಗಿನ ಎರಕದ ಕಬ್ಬಿಣದ ಬಳೆಗೆ ಎರಡು ಅರೆಚಂದ್ರಾಕಾರದ ಶೂಗಳು ಒಳಗಿನಿಂದ ಒತ್ತಿಕೊಳ್ಳುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರ ತರುವಾಯ ಹೊರಬಂದ ಜಾವಾ ಮತ್ತು ಯೆಜ್ಡಿ ವಾಹನಗಳಲ್ಲಿ ಇದ್ದುದು ಈ ಬಗೆಯದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ಆ ವಾಹನಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಕಾಣಸಿಗುತ್ತವೆ.

ಡಿಸ್ಕ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡು ಮಗ್ಗುಲುಗಳಿಂದ ಪ್ಯಾಡುಗಳು ಹಿಡಿಯುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಈ ಬಗೆಗೆ ಪೇಟೆಂಟು ಪಡೆದಿದ್ದನು. 1953ರ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದ ಮೇಲೆ ಅದರ ಶ್ರೇಷ್ಠತೆ ಲೋಕವಿದಿತವಾಯಿತು. ದ್ವಿಚಕ್ರ ವಾಹನಗಳಿಗೆ ಅದು ಇಳಿದು ಬಂದದ್ದು 1962ರ ಲ್ಯಾಂಬ್ರೆಟಾ ಸ್ಕೂಟರಿನ ಮೂಲಕ. ದ್ರವದ ಒತ್ತಡದಿಂದ ನಡೆಯುವ ಮುಂಡಿಸ್ಕನ್ನು ಹೇರಳವಾಗಿ ಬಳಕೆಗೆ ತಂದದ್ದು 1969ರ ಹೊಂಡಾ ಸಿ.ಬಿ. 750.

ಮೋಟಾರುಸೈಕಲ್ಲಿನ ತಟ್ಟೆಯು ಸಾಮಾನ್ಯವಾಗಿ 4ರಿಂದ 5 ಮಿ.ಮೀ. ದಪ್ಪದ, ತುಕ್ಕುಹಿಡಿಯದ ಜಾತಿಯ ಉಕ್ಕಿನದು. ಪ್ಯಾಡುಗಳನ್ನು ಹೊತ್ತ ಕ್ಯಾಲಿಪರಿನಲ್ಲಿ ಎರಡು ಪ್ರಭೇದಗಳುಂಟು. ಒಂದರಲ್ಲಿ ಪಿಸ್ಟನ್ನುಗಳು ಒಂದೇ ಮಗ್ಗುಲಿನಲ್ಲಿದ್ದು, ಕ್ಯಾಲಿಪರು ಎರಡು ಸರಳುಗಳ ಮೇಲೆ ಅತ್ತಿತ್ತ ಜಾರಬಲ್ಲದು. ಇನ್ನೊಂದರಲ್ಲಿ ಕ್ಯಾಲಿಪರು ಸ್ಥಿರ, ಪಿಸ್ಟನ್ನುಗಳು ಎರಡು ಮಗ್ಗುಲುಗಳಲ್ಲಿಯೂ ಎದುರುಬದುರಾಗಿರುತ್ತವೆ. ಮುಂದಿನ ವಿವೇಚನೆಗೆ ಈ ಭೇದ ಮುಖ್ಯವಾದುದು.

3. ಓಲಾಟ ಮತ್ತು ದಪ್ಪದ ವೈಷಮ್ಯ

ತಿರುಗುವ ತಟ್ಟೆಯಲ್ಲಿ ಎರಡು ಬಗೆಯ ರೂಪದೋಷಗಳು ಸಾಧ್ಯ. ತಟ್ಟೆಯ ದಪ್ಪ ಎಲ್ಲೆಡೆಯೂ ಸಮನಾಗಿದ್ದು, ಅದು ಅಚ್ಚಿಗೆ ಲಂಬವಾಗಿ ನಿಲ್ಲದೆ ಅತ್ತಿತ್ತ ಓಲಾಡಿದರೆ ಅದು ‘ಓಲಾಟ’. ಓಲಾಟವಿರಲಿ ಬಿಡಲಿ, ಸುತ್ತಿನ ಒಂದು ಭಾಗ ದಪ್ಪವಾಗಿಯೂ ಮತ್ತೊಂದು ತೆಳ್ಳಗೂ ಇದ್ದರೆ ಅದು ‘ದಪ್ಪದ ವೈಷಮ್ಯ’. ಇವೆರಡನ್ನೂ ‘ಬೆಂಡು’ ಎಂಬ ಒಂದೇ ಮಾತಿನಿಂದ ಕರೆಯುವುದರಿಂದಲೇ ಬಹುಮಟ್ಟಿನ ಗೊಂದಲ ಹುಟ್ಟಿದೆ.

ಓಲಾಟ ಮಾತ್ರವಿದ್ದಾಗ ಜಾರುವ ಕ್ಯಾಲಿಪರು ತಟ್ಟೆಯನ್ನನುಸರಿಸಿ ಅತ್ತಿತ್ತ ಸರಿಯುತ್ತದೆ. ಸ್ಥಿರ ಕ್ಯಾಲಿಪರಿನಲ್ಲಿ ಒಂದು ಮಗ್ಗುಲಿನ ಪಿಸ್ಟನ್ನು ಒಳಸರಿದಷ್ಟು ಎದುರಿನದು ಹೊರಬರುತ್ತದೆ. ಎರಡರಲ್ಲಿಯೂ ದ್ರವದ ಒಟ್ಟು ಗಾತ್ರ ಹೆಚ್ಚುಕಡಮೆಯಾಗದ ಕಾರಣ ಸನ್ನೆಗೆ ಬಡಿತ ತಲುಪುವುದು ಅತ್ಯಲ್ಪ. ದಪ್ಪದ ವೈಷಮ್ಯದ ಸಂಗತಿ ಬೇರೆ. ದಪ್ಪವಾದ ಭಾಗ ಬಂದಾಗ ಪ್ಯಾಡುಗಳ ನಡುವಣ ಅಂತರವೇ ಹಿಗ್ಗಬೇಕಾಗುತ್ತದೆ, ಪಿಸ್ಟನ್ನು ಹಿಂದಕ್ಕೊತ್ತಲ್ಪಡುತ್ತದೆ, ದ್ರವವು ಮಾಸ್ಟರ್ ಸಿಲಿಂಡರಿನ ಕಡೆಗೆ ನೂಕಲ್ಪಡುತ್ತದೆ.

ಇದರ ಪ್ರಮಾಣವನ್ನು ಲೆಕ್ಕ ಹಾಕೋಣ. ಕ್ಯಾಲಿಪರಿನ ಒಂದು ಮಗ್ಗುಲಿನಲ್ಲಿ 30 ಮಿ.ಮೀ. ವ್ಯಾಸದ ಎರಡು ಪಿಸ್ಟನ್ನುಗಳಿದ್ದರೆ ಅವುಗಳ ಒಟ್ಟು ವಿಸ್ತೀರ್ಣ 1414 ಚದರ ಮಿ.ಮೀ. ಮಾಸ್ಟರ್ ಸಿಲಿಂಡರಿನ ವ್ಯಾಸ 12.7 ಮಿ.ಮೀ. ಆದರೆ ಅದರ ವಿಸ್ತೀರ್ಣ 127 ಚದರ ಮಿ.ಮೀ. ಇವುಗಳ ಪ್ರಮಾಣ ಸುಮಾರು 11. ಸನ್ನೆಯ ತುದಿಯು ಮಾಸ್ಟರ್ ಪಿಸ್ಟನ್ನಿನ 5ರಷ್ಟು ದೂರ ಚಲಿಸುವುದೆಂದಿಟ್ಟುಕೊಂಡರೆ, ತಟ್ಟೆಯ ದಪ್ಪದಲ್ಲಿ ಆಗುವ ಬದಲಾವಣೆ ಸನ್ನೆಯ ತುದಿಯಲ್ಲಿ 55ರಷ್ಟು ಹಿಗ್ಗಿ ಕಾಣಬೇಕು. ಎಂದರೆ, ಕೂದಲೆಳೆಯ ದಪ್ಪದ ಮೂರರಲ್ಲೊಂದು ಭಾಗವೂ ಆಗದ 0.02 ಮಿ.ಮೀ. ವೈಷಮ್ಯವು ಬೆರಳಿನಲ್ಲಿ 1.1 ಮಿ.ಮೀ. ಬಡಿತವಾಗಿ ತೋರಬಹುದು. ಕೊಳವೆಯ ಹಿಗ್ಗುವಿಕೆ, ಪ್ಯಾಡಿನ ಸ್ಥಿತಿಸ್ಥಾಪಕತೆ ಮೊದಲಾದುವು ಇದರಲ್ಲೊಂದಂಶವನ್ನು ನುಂಗಿಕೊಳ್ಳುತ್ತವೆ. ಆದರೂ ತತ್ತ್ವ ಸ್ಪಷ್ಟವಾಗಿದೆ. ಕಣ್ಣಿಗೆ ಕಾಣದ ದೋಷವನ್ನು ಕೈ ಬಲ್ಲುದು. ಗಾಲಿಯನ್ನು ತಿರುಗಿಸಿ ನೋಡಿ ‘ತಟ್ಟೆ ನೆಟ್ಟಗಿದೆ’ ಎಂದು ತೀರ್ಮಾನಿಸುವುದು ಅಪ್ರಮಾಣವೆಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

4. ವೈಷಮ್ಯವು ಹುಟ್ಟುವ ಬಗೆ

ಮಿಡಿತಕ್ಕೆ ನೇರ ಕಾರಣ ದಪ್ಪದ ವೈಷಮ್ಯವಾದರೂ, ಆ ವೈಷಮ್ಯಕ್ಕೆ ಅನೇಕ ವೇಳೆ ಓಲಾಟವೇ ಜನಕ. ಬ್ರೇಕನ್ನು ಬಿಟ್ಟಾಗಲೂ ಪ್ಯಾಡುಗಳು ತಟ್ಟೆಗೆ ಅತ್ಯಂತ ಸಮೀಪದಲ್ಲಿಯೇ ಇರುತ್ತವೆ. ತಟ್ಟೆ ಓಲಾಡುತ್ತಿದ್ದರೆ ಅದರ ಉಬ್ಬಿದ ಭಾಗ ಸುತ್ತಿಗೊಮ್ಮೆ ಒಂದು ಪ್ಯಾಡನ್ನು ಸವರುತ್ತದೆ. ವ್ಯಾಸದ ಎದುರು ತುದಿಯ ಭಾಗವು ಆಚೆಯ ಮಗ್ಗುಲಿನ ಪ್ಯಾಡನ್ನು ಸವರುತ್ತದೆ. ಹೀಗೆ ಸಾವಿರಾರು ಕಿ.ಮೀ. ನಡೆದಾಗ ಆ ಎರಡು ಸ್ಥಳಗಳು ಮಾತ್ರ ಸವೆಯುತ್ತವೆ. ಸುತ್ತಿಗೊಂದು ಓಲಾಟವು ಸುತ್ತಿಗೆರಡು ತೆಳುಸ್ಥಳಗಳನ್ನು ಹಡೆಯುವುದೂ ಸಾಧ್ಯವೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಹೊಸ ತಟ್ಟೆ ಹಾಕಿದ ಮೇಲೆ ಕೆಲವು ಸಾವಿರ ಕಿ.ಮೀ. ಸುಖವಾಗಿದ್ದು ಆಮೇಲೆ ಮಿಡಿತ ಮರುಕಳಿಸುವ ರಹಸ್ಯ ಇದೇ: ತಟ್ಟೆ ಹೊಸದಾಯಿತು, ಓಲಾಟ ಹಳೆಯದೇ ಉಳಿಯಿತು.

ಓಲಾಟವಾದರೂ ತಟ್ಟೆಯದೇ ಆಗಿರಬೇಕೆಂಬ ನಿಯಮವಿಲ್ಲ. ತಟ್ಟೆಯು ಗುಂಭದ ಮೇಲೆ ಕೂಡುವ ಮುಖದಲ್ಲಿ 0.05 ಮಿ.ಮೀ. ದಪ್ಪದ ತುಕ್ಕಿನ ಪೊರೆಯೋ ಬಣ್ಣದ ಚಕ್ಕೆಯೋ ಒಂದು ಬೋಲ್ಟಿನಡಿಯಲ್ಲಿ ಸಿಕ್ಕಿಕೊಂಡಿತೆನ್ನಿ. ಬೋಲ್ಟುಗಳ ವರ್ತುಲದ ವ್ಯಾಸ 80 ಮಿ.ಮೀ., ತಟ್ಟೆಯ ವ್ಯಾಸ 260 ಮಿ.ಮೀ. ಆಗಿದ್ದರೆ, ಅಂಚಿನಲ್ಲಿ ಆ ಓರೆ 0.16 ಮಿ.ಮೀ. ಆಗಿ ಬೆಳೆಯುತ್ತದೆ. ಅನೇಕ ತಯಾರಕರು ಓಲಾಟಕ್ಕೆ ವಿಧಿಸುವ ಮೇರೆ, ವಾಹನದಿಂದ ವಾಹನಕ್ಕೆ ಬೇರೆಯಾಗಿ, 0.10ರಿಂದ 0.30 ಮಿ.ಮೀ. ವರೆಗೆ ಇರುತ್ತದೆಂಬುದನ್ನು ಸ್ಮರಿಸಿದರೆ, ಒಂದು ಚಿಟಿಕೆ ಕೊಳೆಯ ಮಹತ್ತ್ವ ತಿಳಿಯುತ್ತದೆ. ಬೋಲ್ಟುಗಳನ್ನು ಒಂದರ ಪಕ್ಕದಲ್ಲೊಂದರಂತೆ ಬಿಗಿಯುವುದು, ಗಾಲಿಯ ಬೇರಿಂಗುಗಳ ಸಡಿಲತೆ—ಇವೂ ಓಲಾಟವನ್ನುಂಟುಮಾಡುತ್ತವೆ.

ಎರಡನೆಯ ಮೂಲ ಉಷ್ಣ. ಸವಾರನೂ ಸೇರಿ 200 ಕಿಲೋಗ್ರಾಂ ತೂಕದ ವಾಹನವು ಗಂಟೆಗೆ 72 ಕಿ.ಮೀ. ವೇಗದಿಂದ ನಿಲ್ಲುವಾಗ 40,000 ಜೂಲುಗಳಷ್ಟು ಚಲನಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಅದರಲ್ಲಿ ಶೇಕಡಾ 70 ಮುಂಬ್ರೇಕಿಗೆ ಸಂದು, ತಟ್ಟೆಯ ತೂಕ 1 ಕಿಲೋಗ್ರಾಂ ಇದ್ದರೆ, ಒಂದು ಸಲ ನಿಲ್ಲುವುದರಿಂದಲೇ ತಟ್ಟೆಯ ಉಷ್ಣತೆ ಸುಮಾರು 60 ಡಿಗ್ರಿ ಏರುತ್ತದೆ. ಘಟ್ಟದ ಇಳಿಜಾರಿನಲ್ಲಿ 400 ಮೀಟರ್ ಎತ್ತರ ಇಳಿಯುವ ಇದೇ ವಾಹನವು ಕಳೆದುಕೊಳ್ಳಬೇಕಾದ ಶಕ್ತಿ 7,84,000 ಜೂಲುಗಳು. ಇದರಲ್ಲಿ ಗಾಳಿಯ ತಡೆಯೂ ಇಂಜಿನಿನ ತಡೆಯೂ ತಮ್ಮ ಪಾಲನ್ನು ವಹಿಸುತ್ತವೆ; ಆದರೆ ಗೇರನ್ನು ಇಳಿಸದೆ ಬ್ರೇಕನ್ನೇ ನಂಬಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವ ಸವಾರನು ಈ ಹೊರೆಯ ಬಹುಭಾಗವನ್ನು ತಟ್ಟೆಯ ಮೇಲೆಯೇ ಹೊರಿಸುತ್ತಾನೆ. 260 ಮಿ.ಮೀ. ವ್ಯಾಸದ ಉಕ್ಕಿನ ತಟ್ಟೆ 200 ಡಿಗ್ರಿ ಕಾದರೆ ವ್ಯಾಸದಲ್ಲಿ ಅರ್ಧ ಮಿ.ಮೀ. ಹಿಗ್ಗುತ್ತದೆ. ನಡುವಣ ಭಾಗ ತಣ್ಣಗಿದ್ದು ಹೊರಬಳೆ ಮಾತ್ರ ಹಿಗ್ಗಬಯಸಿದಾಗ ತಟ್ಟೆಯು ಬಟ್ಟಲಿನಂತೆ ಡೊಂಕಾಗಲೆಳಸುತ್ತದೆ. ಇದನ್ನು ತಪ್ಪಿಸುವುದಕ್ಕಾಗಿಯೇ ಕೆಲವು ತಟ್ಟೆಗಳಲ್ಲಿ ಹೊರಬಳೆಯನ್ನು ಒಳಚೌಕಟ್ಟಿಗೆ ಸಡಿಲವಾದ ಗುಬುಟುಗಳಿಂದ ಜೋಡಿಸಿರುತ್ತಾರೆ. ಕೊಳೆ ತುಂಬಿ ಆ ಗುಬುಟುಗಳು ಬಿಗಿದುಕೊಂಡರೆ ಈ ಏರ್ಪಾಡಿನ ಪ್ರಯೋಜನವೇ ನಷ್ಟವಾಗುತ್ತದೆ.

ಮೂರನೆಯದು ಪ್ಯಾಡಿನ ದ್ರವ್ಯದ ಲೇಪ. ಹೊಸ ಪ್ಯಾಡು ತಟ್ಟೆಯ ಮೇಲೆ ತನ್ನ ದ್ರವ್ಯದ ತೆಳುಪೊರೆಯೊಂದನ್ನು ಹಾಸುತ್ತದೆ. ಆ ಪೊರೆ ಸಮವಾಗಿರುವ ತನಕ ಅದು ಉಪಕಾರಿ. ತಟ್ಟೆ ವಿಪರೀತ ಕಾದಿರುವಾಗ ವಾಹನವನ್ನು ನಿಲ್ಲಿಸಿ ಸನ್ನೆಯನ್ನು ಹಿಡಿದೇ ಇದ್ದರೆ, ಪ್ಯಾಡಿನ ಅಚ್ಚು ಆ ಸ್ಥಳದಲ್ಲಿ ಮೂಡಿಬಿಡುತ್ತದೆ. ಅಲ್ಲಿ ದಪ್ಪವೂ ಘರ್ಷಣಾಂಕವೂ ಉಳಿದೆಡೆಗಿಂತ ಭಿನ್ನವಾಗುತ್ತವೆ. ಪಂದ್ಯದ ಕಾರುಗಳ ಇಂಜಿನಿಯರನಾಗಿ ಪ್ರಸಿದ್ಧನಾದ ಕ್ಯಾರಲ್ ಸ್ಮಿತ್, ‘ಬಾಗಿದ ಡಿಸ್ಕು’ ಎಂಬುದು ಬಹುಪಾಲು ಮಿಥ್ಯೆಯೆಂದೂ ಅಸಮವಾದ ಲೇಪವೇ ನಿಜವಾದ ಕಾರಣವೆಂದೂ ವಾದಿಸಿದ್ದಾನೆ. ಈ ವಾದಕ್ಕೆ ಆಧಾರವಾದುದು ಕಾರುಗಳ ದಪ್ಪನೆಯ ಎರಕದ ಕಬ್ಬಿಣದ ಡಿಸ್ಕುಗಳೆಂಬುದನ್ನು ನಾವು ಮರೆಯಬಾರದು. ಮೋಟಾರುಸೈಕಲ್ಲಿನ ತೆಳ್ಳನೆಯ ತಟ್ಟೆಯು ಬಯಲಿಗೆ ತೆರೆದುಕೊಂಡಿದೆ. ವಾಹನ ಬಿದ್ದಾಗ ಪೆಟ್ಟು ತಗುಲಿ, ಅಥವಾ ತಟ್ಟೆಗೆ ಹಾಕಿದ ಬೀಗವನ್ನು ತೆಗೆಯದೆಯೇ ಗಾಡಿಯನ್ನು ಮುಂದಕ್ಕೆ ಓಡಿಸಿದಾಗ, ಅದು ನಿಜವಾಗಿಯೂ ಬಾಗುವುದುಂಟು. ಆದಕಾರಣ ಎರಡು ಪಕ್ಷಗಳಲ್ಲಿ ಒಂದನ್ನು ಮೊದಲೇ ನಂಬದೆ ಅಳೆದು ನೋಡುವುದೇ ಯುಕ್ತ.

5. ಲಕ್ಷಣಗಳಿಂದ ಅನುಮಾನ

ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಮುನ್ನ ಸವಾರಿಯಿಂದಲೇ ತಿಳಿಯಬಹುದಾದ ಸಂಗತಿಗಳು ಹಲವಿವೆ. ಇಲ್ಲಿ ನಮ್ಮ ತಾರ್ಕಿಕರ ಅನ್ವಯವ್ಯತಿರೇಕ ನ್ಯಾಯವೇ ಮಾರ್ಗದರ್ಶಿ: ಯಾವುದು ಇದ್ದಾಗ ಮಿಡಿತವಿರುತ್ತದೆ, ಯಾವುದು ಇಲ್ಲದಾಗ ಮಿಡಿತವಿರುವುದಿಲ್ಲ ಎಂಬುದನ್ನು ಕ್ರಮವಾಗಿ ಪರೀಕ್ಷಿಸಬೇಕು.

ಮೊದಲನೆಯ ಪ್ರಶ್ನೆ: ಬ್ರೇಕು ಹಿಡಿಯದಿದ್ದಾಗಲೂ ಬಡಿತವಿದೆಯೆ? ಇದ್ದರೆ ಟೈರು, ರಿಮ್ಮು, ಗಾಲಿಯ ಸಮತೋಲನ, ಬೇರಿಂಗು—ಇವುಗಳನ್ನು ಮೊದಲು ನೋಡಬೇಕು. ಎರಡನೆಯದು: ಹಿಂಬ್ರೇಕನ್ನು ಮಾತ್ರ ಒತ್ತಿದಾಗಲೂ ಇದೆಯೆ? ಇದ್ದರೆ ದೋಷವು ಹಿಂದಿನದಾಗಿರಬಹುದು. ಅದರ ಕಂಪನವು ಚೌಕಟ್ಟಿನ ಮೂಲಕ ಹಿಡಿಗೆ ತಲುಪುವುದರಿಂದ ಸವಾರನು ಮೋಸಹೋಗುವ ಸಂಭವವುಂಟು.

ಮೂರನೆಯ ಪ್ರಶ್ನೆ ಅತ್ಯಂತ ಮುಖ್ಯವಾದುದು: ಮಿಡಿತವು ಕಾಲಕ್ಕೆ ಬದ್ಧವೋ, ದೂರಕ್ಕೆ ಬದ್ಧವೋ? 110/70-17 ಅಳತೆಯ ಟೈರಿನ ವ್ಯಾಸ ಸುಮಾರು 586 ಮಿ.ಮೀ., ಸುತ್ತಳತೆ 1.84 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಈ ಗಾಲಿ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ, 10 ಕಿ.ಮೀ. ವೇಗದಲ್ಲಿ ಒಂದೂವರೆ ಸುತ್ತು. ಮಿಡಿತವು ಗಾಲಿಯೊಡನೆ ತಿರುಗುವ ಅವಯವದಿಂದ ಬಂದುದಾದರೆ ಅದರ ಆವೃತ್ತಿ ವೇಗದೊಡನೆಯೇ ಇಳಿಯಬೇಕು. ಕ್ರಮಿಸಿದ ದೂರವನ್ನು ಆಧರಿಸಿ ಎಣಿಸಿದರೆ ಸಂಖ್ಯೆ ಎಂದಿಗೂ ಒಂದೇ ಆಗಿರಬೇಕು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ಸಮತಟ್ಟಾದ ನೆಲದ ಮೇಲೆ, ಇಂಜಿನನ್ನು ನಿಲ್ಲಿಸಿ, ಟೈರಿನ ಮೇಲೆ ಸೀಮೆಸುಣ್ಣದ ಗುರುತು ಮಾಡಿ, ಮುಂಬ್ರೇಕನ್ನು ಹಗುರವಾಗಿ ಹಿಡಿದು ವಾಹನವನ್ನು ನೂಕಿಕೊಂಡು ನಡೆಯಬೇಕು. ತಡೆಯು ಹೆಚ್ಚಿದಾಗಲೆಲ್ಲ ಗುರುತು ಎಲ್ಲಿದೆಯೆಂದು ಇನ್ನೊಬ್ಬರು ನೋಡುತ್ತಿರಬೇಕು. ಹತ್ತು ಸುತ್ತಿಗೆ, ಎಂದರೆ 18.4 ಮೀಟರಿಗೆ, ಹತ್ತು ಬಡಿತಗಳಾದರೆ ಸುತ್ತಿಗೊಂದು; ಇಪ್ಪತ್ತಾದರೆ ಸುತ್ತಿಗೆರಡು. ಸುತ್ತಿಗೊಂದು ಬಡಿತವು ಒಂದೇ ಕಡೆಯ ಲೇಪವನ್ನು ಅಥವಾ ಒಂದೇ ಕಡೆಯ ಸವೆತವನ್ನು ಸೂಚಿಸುತ್ತದೆ. ಸುತ್ತಿಗೆರಡು ಬಡಿತವು ಓಲಾಟದಿಂದಾದ ಸವೆತವನ್ನೋ ಜೀನಿನಾಕಾರದ ಬಾಗನ್ನೋ ಸೂಚಿಸುತ್ತದೆ.

ಬಡಿತವು ದೂರಕ್ಕೆ ಬದ್ಧವಾಗಿರದೆ, ಗಡುಸಾಗಿ ಬ್ರೇಕು ಹಿಡಿದಾಗ ಅಥವಾ ಜಲ್ಲಿ, ಮರಳು, ನೀರಿನ ಮೇಲೆ ಮಾತ್ರ ಕಾಣಿಸಿಕೊಂಡರೆ, ಅದು ದೋಷವಲ್ಲದಿರಬಹುದು. ಗಾಲಿಯು ಕಚ್ಚಿಕೊಂಡು ಜಾರುವುದನ್ನು ತಡೆಯುವ ಎ.ಬಿ.ಎಸ್. ವ್ಯವಸ್ಥೆಯು ದ್ರವದ ಒತ್ತಡವನ್ನು ಬಿಟ್ಟು ಹಿಡಿದು ಮಾಡುವಾಗ ಸನ್ನೆಯಲ್ಲಿ ಇಂತಹ ಬಡಿತ ಸಹಜ. ಭಾರತದಲ್ಲಿ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲಿನಿಂದ ಈ ವ್ಯವಸ್ಥೆ ಕಡ್ಡಾಯವಾದುದರಿಂದ, ಈ ಭೇದವನ್ನು ಅರಿಯುವುದು ಅಗತ್ಯ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಮೆಲ್ಲನೆ ನಿಲ್ಲುವಾಗಲೂ ಇಂತಹ ಬಡಿತ ಕಂಡರೆ, ಗಾಲಿಯ ವೇಗವನ್ನಳೆಯುವ ಹಲ್ಲಿನ ಬಳೆಯನ್ನೂ ಅದರ ಸಂವೇದಕವನ್ನೂ ಪರೀಕ್ಷಿಸಬೇಕು.

ಮಿಡಿತವು ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ ಪ್ರಬಲವಾಗಿ, ಅದಕ್ಕಿಂತ ಮೇಲೆಯೂ ಕೆಳಗೂ ಅಡಗುವುದುಂಟು. ಇದು ಅನುರಣನೆಯ ಲಕ್ಷಣ. ಮುಂಫೋರ್ಕಿಗೆ ಹಿಂದುಮುಂದಾಗಿ ಬಾಗಿ ಕಂಪಿಸುವ ತನ್ನದೇ ಆದ ಸಹಜ ಆವೃತ್ತಿಯುಂಟು. ಅದು ಸೆಕೆಂಡಿಗೆ 9 ಎಂದು ಭಾವಿಸಿದರೆ, ಸುತ್ತಿಗೊಂದರ ದೋಷ ಗಂಟೆಗೆ 60 ಕಿ.ಮೀ. ವೇಗದಲ್ಲಿಯೂ, ಸುತ್ತಿಗೆರಡರ ದೋಷ 30 ಕಿ.ಮೀ. ವೇಗದಲ್ಲಿಯೂ ಉಲ್ಬಣಿಸಬೇಕು. ಹ್ಯಾಂಡಲ್ಲಿನ ತಲೆಬೇರಿಂಗು ಸಡಿಲವಾಗಿದ್ದರೆ ಈ ಕಂಪನ ಇನ್ನಷ್ಟು ದೊಡ್ಡದಾಗಿ ತೋರುತ್ತದೆ. ಆದರೆ ಅನುರಣನೆಯು ದೋಷವನ್ನು ಹಿಗ್ಗಿಸುವುದೇ ಹೊರತು ಸೃಷ್ಟಿಸುವುದಿಲ್ಲ. ತಲೆಬೇರಿಂಗನ್ನು ಬಿಗಿದ ಮಾತ್ರಕ್ಕೆ ತಟ್ಟೆಯ ವೈಷಮ್ಯ ಹೋಗುವುದಿಲ್ಲ.

ನಾಲ್ಕನೆಯ ಪ್ರಶ್ನೆ: ಸನ್ನೆ ಮಿಡಿಯುತ್ತದೆಯೋ, ವಾಹನ ಮಿಡಿಯುತ್ತದೆಯೋ? ಎರಡೂ ಮಿಡಿದರೆ ದಪ್ಪದ ವೈಷಮ್ಯ ಸಂಭಾವ್ಯ. ಸನ್ನೆ ನಿಶ್ಚಲವಾಗಿದ್ದು ವಾಹನ ಮಾತ್ರ ಜಗ್ಗಿದರೆ, ದಪ್ಪ ಸಮವಾಗಿದ್ದು ಘರ್ಷಣಾಂಕ ಮಾತ್ರ ಅಲ್ಲಲ್ಲಿ ಬೇರೆಯಾಗಿದೆಯೆಂದು ಊಹಿಸಬಹುದು. ಎಣ್ಣೆಯ ಕಲೆ, ಪ್ಯಾಡಿನ ಅಚ್ಚು ಇಂತಹ ಪರಿಣಾಮವನ್ನುಂಟುಮಾಡುತ್ತವೆ. ಜಾರುವ ಕ್ಯಾಲಿಪರಿನ ಸರಳುಗಳು ಒಣಗಿ ಕಚ್ಚಿಕೊಂಡಿದ್ದರೆ, ಬರಿಯ ಓಲಾಟವೂ ಸನ್ನೆಯಲ್ಲಿ ಬಡಿತವಾಗಿ ತೋರುತ್ತದೆ. ಬಹುದೂರ ಬ್ರೇಕು ಹಿಡಿಯದೆ ಓಡಿದ ಮೇಲೆ ಮೊದಲ ಸಲ ಸನ್ನೆ ಹೆಚ್ಚು ದೂರ ಒಳಕ್ಕೆ ಬಂದು, ಎರಡನೆಯ ಸಲ ಸರಿಯಾಗಿದ್ದರೆ, ಓಲಾಟವೋ ಸಡಿಲವಾದ ಬೇರಿಂಗೋ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದೆಯೆಂದು ತಿಳಿಯಬೇಕು.

6. ಅಳತೆಯಿಂದ ನಿಶ್ಚಯ

ಅನುಮಾನವನ್ನು ಪ್ರತ್ಯಕ್ಷದಿಂದ ದೃಢಪಡಿಸಿಕೊಳ್ಳಬೇಕು. ಬೇಕಾದ ಉಪಕರಣಗಳು ಎರಡೇ: ಡಯಲ್ ಗೇಜು ಮತ್ತು ಮೈಕ್ರೋಮೀಟರು. ವರ್ನಿಯರ್ ಕ್ಯಾಲಿಪರು ಇಲ್ಲಿ ಸಾಲದು. ಅದರ ಕನಿಷ್ಠ ಅಳತೆ ಸಾಮಾನ್ಯವಾಗಿ 0.02 ಮಿ.ಮೀ.; ನಾವು ಹುಡುಕುತ್ತಿರುವ ದೋಷವೇ ಅಷ್ಟು ಚಿಕ್ಕದು. ಮೇಲಾಗಿ, ತಟ್ಟೆಯ ಹೊರ ಅಂಚಿನಲ್ಲಿ ಸವೆಯದೆ ಉಳಿದ ಏಣಿನ ಮೇಲೆ ಅದರ ದವಡೆಗಳು ಕೂತು, ಸವೆದ ಭಾಗವನ್ನು ಮುಟ್ಟದೆಯೇ ಹೋಗಬಹುದು.

ಮುಂಗಾಲಿಯನ್ನು ನೆಲದಿಂದ ಎತ್ತಿ ವಾಹನವನ್ನು ಭದ್ರವಾಗಿ ನಿಲ್ಲಿಸಬೇಕು. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ಬೇರಿಂಗಿನ ಸಡಿಲತೆಯನ್ನು ಮೊದಲು ನೋಡಬೇಕು. ಅದಿರುವಾಗ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಆಮೇಲೆ ತಟ್ಟೆಯನ್ನು ಎಂಟು ಸಮಭಾಗಗಳಾಗಿ ಗುರುತಿಸಿ, ಅಂಚಿನಿಂದ ಒಂದೇ ಅಂತರದಲ್ಲಿ ಪ್ರತಿ ಸ್ಥಳದ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು ಬರೆದುಕೊಳ್ಳಬೇಕು. ಅನಂತರ ಡಯಲ್ ಗೇಜನ್ನು ಫೋರ್ಕಿಗೆ ಬಿಗಿದು, ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಅದೇ ಎಂಟು ಸ್ಥಳಗಳಲ್ಲಿ ಓಲಾಟವನ್ನು ನೋಡಬೇಕು. ಬೆರಳುಗಳನ್ನು ತಟ್ಟೆಯ ರಂಧ್ರಗಳಿಂದ ದೂರವಿಡುವ ಎಚ್ಚರ ಅವಶ್ಯ.

ಓಲಾಟ ಕಂಡುಬಂದರೆ ಅದು ತಟ್ಟೆಯದೋ ಗುಂಭದ್ದೋ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಕೊಡುವ ಪ್ರಯೋಗ ಸರಳವೂ ಸುಂದರವೂ ಆದುದು. ಆರು ಬೋಲ್ಟುಗಳ ತಟ್ಟೆಯೊಂದನ್ನು ಭಾವಿಸೋಣ. ಗಾಳಿಯ ವಾಲ್ವಿನಿಂದ ಎಣಿಸಿ ಅತ್ಯುಚ್ಚ ಸ್ಥಳವನ್ನು ಗುರುತಿಸಿಕೊಂಡು, ತಟ್ಟೆಯನ್ನು ಬಿಚ್ಚಿ, ಎರಡು ಮುಖಗಳನ್ನೂ ಶುಚಿಗೊಳಿಸಿ, ಮೂರು ರಂಧ್ರಗಳಷ್ಟು, ಎಂದರೆ 180 ಡಿಗ್ರಿ, ತಿರುಗಿಸಿ ಮತ್ತೆ ಕೂಡಿಸಿ ಅಳೆಯಬೇಕು. ಅತ್ಯುಚ್ಚ ಸ್ಥಳ ತಟ್ಟೆಯೊಡನೆಯೇ ಸರಿದಿದ್ದರೆ ದೋಷ ತಟ್ಟೆಯದು. ವಾಲ್ವಿನಿಂದ ಮೊದಲಿದ್ದಲ್ಲಿಯೇ ನಿಂತಿದ್ದರೆ ದೋಷ ಗುಂಭದ್ದು. ಓಲಾಟವೇ ಇಲ್ಲವಾಗಿದ್ದರೆ ನಡುವೆ ಸಿಕ್ಕಿದ್ದ ಕೊಳೆಯೇ ಕಾರಣವಿರಬಹುದು. ಇನ್ನೊಂದು ಸಾಧ್ಯತೆಯೂ ಉಂಟು: ಗುಂಭದ ಓರೆ 0.10, ತಟ್ಟೆಯ ಓರೆ 0.08 ಮಿ.ಮೀ. ಆಗಿದ್ದು, ಒಂದೇ ದಿಕ್ಕಿಗೆ ಕೂಡಿದಾಗ 0.18 ಆದುದು, ಎದುರುಬದುರಾದಾಗ 0.02ಕ್ಕೆ ಇಳಿಯಬಹುದು. ಆಗ ಯಾವ ಭಾಗವನ್ನೂ ಕೊಳ್ಳದೆಯೇ ಓಲಾಟ ಪರಿಹಾರವಾಗುತ್ತದೆ. ಇಂತಹ ಒಂದು ಗಂಟೆಯ ಕೆಲಸವನ್ನು ಮಾಡದೆ ಹೊಸ ತಟ್ಟೆಯ ಬೆಲೆಯನ್ನು ತೆರುವವರು ಎಷ್ಟೋ ಮಂದಿ.

7. ಡ್ರಮ್ ಬ್ರೇಕಿನ ವಿಶೇಷ

ಡ್ರಮ್ ಬ್ರೇಕಿನಲ್ಲಿ ದಪ್ಪದ ಬದಲು ವೃತ್ತಾಕಾರದ ಶುದ್ಧಿಯೇ ಪ್ರಧಾನ. ಬಳೆಯು ವೃತ್ತವಾಗಿದ್ದೂ ಅದರ ಕೇಂದ್ರ ಅಚ್ಚಿನಿಂದ ಸರಿದಿದ್ದರೆ ಸುತ್ತಿಗೊಂದು, ಬಳೆಯು ಅಂಡಾಕಾರವಾಗಿದ್ದರೆ ಸುತ್ತಿಗೆರಡು ಬಡಿತ ಬರುತ್ತದೆ. ತಿರುಗುವ ದಿಕ್ಕಿನಲ್ಲಿ ಮುಂದೊತ್ತುವ ಶೂವನ್ನು ಡ್ರಮ್ಮಿನ ಘರ್ಷಣೆಯೇ ಒಳಕ್ಕೆಳೆದುಕೊಂಡು ಒತ್ತಡವನ್ನು ಹೆಚ್ಚಿಸುವುದರಿಂದ ಅಲ್ಪ ದೋಷವೂ ಇಲ್ಲಿ ಬಹುವಾಗಿ ತೋರುತ್ತದೆ.

ಕಡ್ಡಿಗಾಲಿಗಳಲ್ಲಿ ಈ ದೋಷಕ್ಕೆ ಅನೇಕ ವೇಳೆ ಕಡ್ಡಿಗಳ ಅಸಮವಾದ ಬಿಗಿತವೇ ಮೂಲ. ಒಂದೆಡೆ ಬಿಗಿಯಾಗಿಯೂ ಇನ್ನೊಂದೆಡೆ ಸಡಿಲವಾಗಿಯೂ ಇರುವ ಕಡ್ಡಿಗಳು ಗುಂಭವನ್ನೇ ಎಳೆದು ಅದರ ವೃತ್ತಾಕಾರವನ್ನು ಕೆಡಿಸುತ್ತವೆ. ಆದ್ದರಿಂದ ಮೊದಲು ಕಡ್ಡಿಗಳ ಬಿಗಿತವನ್ನು ಸಮಗೊಳಿಸಿ ಗಾಲಿಯನ್ನು ಸರಿಪಡಿಸಬೇಕು. ಆಮೇಲೂ ಬಳೆ ವೃತ್ತವಾಗಿಲ್ಲದಿದ್ದರೆ ಮಾತ್ರ, ಕಡ್ಡಿ ಹಾಕಿದ ಗಾಲಿಯನ್ನೇ ಲೇತಿಗೆ ಕಟ್ಟಿ, ತಯಾರಕರು ವಿಧಿಸಿದ ಗರಿಷ್ಠ ವ್ಯಾಸವನ್ನು ಮೀರದಂತೆ ಹೊರೆಯಿಸಬೇಕು. ಬರಿಯ ಗುಂಭವನ್ನು ಹೊರೆಯಿಸಿ ಅನಂತರ ಕಡ್ಡಿ ಕಟ್ಟಿಸಿದರೆ ಮಾಡಿದ ಕೆಲಸ ವ್ಯರ್ಥವಾಗುವ ಸಂಭವವೇ ಹೆಚ್ಚು. ಹಳೆಯ ಶೂಗಳ ಅಸ್ತರಿನಲ್ಲಿ ಆಸ್‌ಬೆಸ್ಟಾಸ್ ಇರಬಹುದಾದುದರಿಂದ, ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯತಕ್ಕದ್ದು.

8. ಪರಿಹಾರಕ್ರಮ

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ಲೇಪವೇ ದೋಷವಾದರೆ ತಟ್ಟೆಯನ್ನು ನಯವಾದ ಉಜ್ಜುಕಾಗದದಿಂದ ಸಮನಾಗಿ ಉಜ್ಜಿ, ಬ್ರೇಕಿಗೆ ತಕ್ಕ ದ್ರಾವಕದಿಂದ ತೊಳೆದು, ಪ್ಯಾಡುಗಳ ಮುಖವನ್ನೂ ಶುಚಿಗೊಳಿಸಿ, ಮಧ್ಯಮ ವೇಗದಿಂದ ಹಲವು ಸಲ ವೇಗ ತಗ್ಗಿಸಿ, ಪೂರ್ತಿ ನಿಲ್ಲಿಸದೆ, ಹೊಸ ಪೊರೆಯನ್ನು ಸಮವಾಗಿ ಹಾಸಬೇಕು. ಸರಳುಗಳು ಕಚ್ಚಿಕೊಂಡಿದ್ದರೆ ತೆಗೆದು ಶುಚಿಮಾಡಿ, ವಿಹಿತವಾದ ಗ್ರೀಸನ್ನು ಸವರಬೇಕು. ಗುಬುಟುಗಳು ಬಿಗಿದಿದ್ದರೆ ತೊಳೆದು, ಒಂದೊಂದೂ ತಿರುಗುವುದೇ ಎಂದು ನೋಡಬೇಕು. ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ವಿಧಿಸಿದ ಬಲಕ್ಕೆ ಬಿಗಿಯಬೇಕು.

ದಪ್ಪದ ವೈಷಮ್ಯ ಲೋಹದಲ್ಲಿಯೇ ಇದ್ದರೆ ತಟ್ಟೆಯನ್ನು ಬದಲಾಯಿಸುವುದೇ ಮೇಲು. ಕಾರಿನ ಡಿಸ್ಕಿನಂತೆ ಇದನ್ನು ಹೊರೆಯಿಸಲು ಲೋಹದ ಅವಕಾಶ ಕಡಿಮೆ. ಕನಿಷ್ಠ ದಪ್ಪವೆಷ್ಟೆಂದು ಸಾಮಾನ್ಯವಾಗಿ ತಟ್ಟೆಯ ಮೇಲೆಯೇ ಕೆತ್ತಿರುತ್ತದೆ. ಅದಕ್ಕಿಂತ ತೆಳುವಾದುದನ್ನು ಬಳಸಕೂಡದು. ಆದರೆ ಹೊಸ ತಟ್ಟೆಯನ್ನು ಕೂಡಿಸುವ ಮುನ್ನ ಗುಂಭದ ಮುಖವನ್ನು ಶುಚಿಗೊಳಿಸಿ ಅದರ ಓಲಾಟವನ್ನು ಅಳೆಯುವುದು, ಕೂಡಿಸಿದ ಮೇಲೆ ತಟ್ಟೆಯ ಓಲಾಟವನ್ನು ಮತ್ತೆ ಅಳೆಯುವುದು—ಇವೆರಡು ತಪ್ಪಬಾರದು.

9. ಉಪಸಂಹಾರ

ಮೇಲಿನ ವಿವೇಚನೆಯನ್ನು ಸಂಗ್ರಹಿಸಿ ಹೇಳುವುದಾದರೆ: ಸನ್ನೆಯ ಮಿಡಿತಕ್ಕೆ ಸಾಮಾನ್ಯವಾಗಿ ದಪ್ಪದ ವೈಷಮ್ಯ ನೇರ ಕಾರಣ, ಆ ವೈಷಮ್ಯಕ್ಕೆ ಓಲಾಟ, ಉಷ್ಣ, ಲೇಪ ಇವು ಹಿನ್ನೆಲೆಯ ಕಾರಣಗಳು, ಓಲಾಟಕ್ಕೆ ಮತ್ತೆ ಕೊಳೆ, ಬೇರಿಂಗು, ಬಿಗಿತದ ತಪ್ಪು, ಪೆಟ್ಟು ಇವು ಕಾರಣಗಳು. ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಬದಲಾಯಿಸಿದವನಿಗೆ ದೋಷ ಮರಳಿ ಬರುತ್ತದೆ. ಮೊದಲ ಕೊಂಡಿಯನ್ನು ಹುಡುಕಿದವನಿಗೆ ಬರುವುದಿಲ್ಲ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಡಯಲ್ ಗೇಜೂ ಮೈಕ್ರೋಮೀಟರೂ ಇದ್ದೇ ಇರುತ್ತವೆ. ಅಂಗಳದಲ್ಲಿ ವಿದ್ಯಾರ್ಥಿಗಳ ಮೋಟಾರುಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಸೂಕ್ಷ್ಮಮಾಪನ, ಉಷ್ಣದ ಲೆಕ್ಕ, ಅನುರಣನೆ, ಕಾರಣಾನುಮಾನ ಇವಿಷ್ಟನ್ನೂ ಒಂದೇ ಪ್ರಯೋಗದಲ್ಲಿ ಕಲಿಸಲು ಇದಕ್ಕಿಂತ ಹತ್ತಿರದ ವಸ್ತು ದೊರೆಯುವುದು ದುರ್ಲಭ. ಅಧ್ಯಾಪಕರು ಇದನ್ನು ಒಂದು ಅಭ್ಯಾಸವಾಗಿ ಅಳವಡಿಸಿಕೊಂಡರೆ, ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಪಾಠವಾಗುವುದರ ಜೊತೆಗೆ, ಅವರು ಮನೆಗೆ ಮರಳುವ ವಾಹನವೂ ನಿರಪಾಯವಾಗುತ್ತದೆ.